ನೀರು ನಾರಾಗುವ ಪರಿ

ಬಳೆ ಅಂಗಡಿಯವರದ್ದು ಒಂದು ಲೆಕ್ಕ. ಅವರು 2.4, 2.6, 2.8 ಎಂದು ಹೇಳುವಾಗ ಮೊದಲ ಅಂಕಿ ಇಂಚು, ಚುಕ್ಕಿಯ ನಂತರದ್ದು ಇಂಚಿನ ಹದಿನಾರನೇ ಭಾಗಗಳು. ಚನ್ನಗಿರಿ ತಾಲ್ಲೂಕಿನ ನಮ್ಮೂರ ಜಾತ್ರೆಯಲ್ಲಿ ನನ್ನ ಸೋದರತ್ತೆ ಬಳೆ ತೊಡಲು ಕೂತಿದ್ದರು. ಬಲಗೈಗೆ 2.4 ಸಲೀಸಾಗಿ ಏರಿತು, ಎಡಗೈಗೆ ಗೆಣ್ಣು ದಾಟಲಿಲ್ಲ. ಬಳೆಗಾರ ಕೈಯನ್ನು ಎರಡು ಸಲ ಹಿಚುಕಿ ನೋಡಿ, "ಅಮ್ಮಾ, ಈ ಕೈಗೆ ಎರಡು ಎಂಟೇ ಆಗ್ಬೇಕು" ಎಂದ. ಅತ್ತೆ ನಕ್ಕು ಸುಮ್ಮನಾದರು. ಮನೆಗೆ ಬಂದು ನಾನು ಲೆಕ್ಕ ಹಾಕಿದೆ. 2.4ಕ್ಕೂ 2.8ಕ್ಕೂ ಅಡ್ಡಳತೆಯಲ್ಲಿ ಕಾಲು ಇಂಚು ವ್ಯತ್ಯಾಸ, ಸುತ್ತಳತೆಯಲ್ಲಿ ಹೆಚ್ಚುಕಡಿಮೆ 2 ಸೆಂಟಿಮೀಟರ್. ಎರಡು ಕೈಗಳ ಸುತ್ತಳತೆಯಲ್ಲಿ 2 ಸೆಂಟಿಮೀಟರ್ ಅಂತರ ಕಂಡರೆ ಅದನ್ನು ಲಿಂಫೆಡಿಮಾ ಎಂಬ ಬಾವು ಎಂದು ಹೇಳುವ ರೂಢಿ ವೈದ್ಯರಲ್ಲಿ ಬಹುಕಾಲದಿಂದ ಇದೆ. ಕ್ಯಾನ್ಸರಿಗೆಂದು ಅತ್ತೆಯ ಎಡ ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದು, ವಿಕಿರಣ ಕೊಟ್ಟು ಆಗ ಒಂದೂವರೆ ವರ್ಷವಾಗಿತ್ತು. ಈ ಬಾವು ಮೊದಲು ಪತ್ತೆಯಾದದ್ದು ಬಳೆ ಅಂಗಡಿಯಲ್ಲಿ.

ಆಮೇಲೆ ತೋರಿಸಿದ ಡಾಕ್ಟರು "ನೀರು ತುಂಬಿಕೊಂಡಿದೆ" ಎಂದು ನೀರಿನ ಮಾತ್ರೆ ಬರೆದುಕೊಟ್ಟರು. ಅತ್ತೆ ರಾತ್ರಿ ನಾಲ್ಕು ಸಲ ಎದ್ದು ಹಿತ್ತಲಿಗೆ ಹೋದರು, ಕೈ ಮಾತ್ರ ಹಾಗೇ ಉಳಿಯಿತು. ಅದು ಹಾಗೆ ಉಳಿಯಬೇಕಾದದ್ದೇ. ಈ ಬಾವಿನಲ್ಲಿ ನಿಂತಿರುವುದು ಬರೀ ನೀರಲ್ಲ, ಪ್ರೋಟೀನು ಕರಗಿದ ರಸ. ಮಾತ್ರೆ ನೀರನ್ನು ಎಳೆದು ಮೂತ್ರಕ್ಕೆ ಹಾಕುತ್ತದೆ, ಪ್ರೋಟೀನು ಅಲ್ಲೇ ಉಳಿದು ಮತ್ತೆ ನೀರನ್ನು ಕರೆದುಕೊಳ್ಳುತ್ತದೆ. ಇನ್ನೂ ಕೆಲವು ತಿಂಗಳು ಕಳೆದರೆ ಅದು ರಸವಾಗಿಯೂ ಉಳಿಯುವುದಿಲ್ಲ. ಶುರುವಿನಲ್ಲಿ ಬೆರಳೂರಿದರೆ ಗುಳಿ ಬೀಳುತ್ತಿದ್ದ ತೋಳು ಕ್ರಮೇಣ ಗುಳಿ ಬೀಳದಷ್ಟು ಬಿಗಿಯಾಗುತ್ತದೆ. ಒಳಗೆ ನಾರು ಬೆಳೆದಿರುತ್ತದೆ, ಕೊಬ್ಬು ಕೂತಿರುತ್ತದೆ. ನೀರು ನಾರಾಗುವುದು ಹೇಗೆ ಎನ್ನುವುದೇ ಕಳೆದ ಇಪ್ಪತ್ತೈದು ವರ್ಷಗಳ ಸಂಶೋಧನೆಯ ತಿರುಳು.

ಈ ರಸಕ್ಕೆ ಕನ್ನಡದಲ್ಲಿ ದುಗ್ಧರಸ ಎಂಬ ಹೆಸರಿದೆ. ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಊಟದ ನಂತರ ಕರುಳಿನಿಂದ ಹೊರಡುವ ರಸ ಮಾತ್ರ ಕೊಬ್ಬು ಸೇರಿ ಹಾಲಿನಂತಿರುತ್ತದೆ. ಇಟಲಿಯ ಗಾಸ್ಪರೆ ಅಸೆಲ್ಲಿ 1622ರಲ್ಲಿ ನಾಯಿಯ ಹೊಟ್ಟೆಯಲ್ಲಿ ಕಂಡದ್ದು ಅದನ್ನೇ. ತೋಳಿನಲ್ಲಿ ಹರಿಯುವುದು ತಿಳಿ ಹಳದಿ ದ್ರವ. ದಿನಕ್ಕೆ ಸುಮಾರು 8 ಲೀಟರ್ ದ್ರವ ರಕ್ತದ ಸೂಕ್ಷ್ಮನಾಳಗಳಿಂದ ಅಂಗಾಂಶಗಳಿಗೆ ಜಿನುಗುತ್ತದೆ. ಅದರಲ್ಲಿ ಬಹುಪಾಲು ಅಭಿಧಮನಿಗಳ ಕಡೆಗೇ ಹಿಂದಿರುಗುತ್ತದೆ, ಉಳಿದ ಅಲ್ಪಸ್ವಲ್ಪ ಮಾತ್ರ ದುಗ್ಧನಾಳಗಳಿಗೆ ಹೋಗುತ್ತದೆ ಎಂದು 1896ರ ಸ್ಟಾರ್ಲಿಂಗ್ ಸೂತ್ರದ ಆಧಾರದಲ್ಲಿ ನೂರು ವರ್ಷ ಪಾಠ ನಡೆಯಿತು. 2010ರಲ್ಲಿ ಲೆವಿಕ್ ಮತ್ತು ಮಿಷೆಲ್ ಆ ಲೆಕ್ಕವನ್ನು ತಿದ್ದಿದರು. ಬಹುತೇಕ ಅಂಗಾಂಶಗಳಲ್ಲಿ ಜಿನುಗಿದ ದ್ರವವೆಲ್ಲ ಹೆಚ್ಚುಕಡಿಮೆ ದುಗ್ಧನಾಳಗಳ ಮೂಲಕವೇ ವಾಪಸಾಗಬೇಕು. ಹಾಗಾದರೆ ಇವು ಬಸಿಗಾಲುವೆಗಳಲ್ಲ, ಮುಖ್ಯ ನಾಲೆಗಳು.

ಭದ್ರಾ ಅಚ್ಚುಕಟ್ಟಿನವರಿಗೆ ಉಳಿದದ್ದನ್ನು ವಿವರಿಸಬೇಕಿಲ್ಲ. ತೂಬು ಕಟ್ಟಿಕೊಂಡರೆ, ನಾಲೆ ಮುಚ್ಚಿದರೆ ಹಿಂದೆ ನೀರು ನಿಲ್ಲುತ್ತದೆ. ಕಂಕುಳಿನ 20ರಿಂದ 40 ದುಗ್ಧಗ್ರಂಥಿಗಳನ್ನು ಕೆತ್ತಿ ತೆಗೆದ ಮೇಲೆ ತೋಳು ಊದುವುದಕ್ಕೆ ಬೇರೆ ಕಾರಣ ಯಾಕೆ? ಚನ್ನಗಿರಿ, ಹೊನ್ನಾಳಿಯಲ್ಲಿ ನಾನು ಮಾತನಾಡಿಸಿದ ಎಲ್ಲರೂ ಇದನ್ನೇ ಹೇಳಿದರು. ಡಾಕ್ಟರುಗಳಲ್ಲೂ ಅನೇಕರು ಹೀಗೇ ಹೇಳುತ್ತಾರೆ. ಆದರೆ ನಾಲೆಯ ಈ ವಿವರಣೆಗೆ ಅತ್ತೆಯ ಕೈಯೇ ಒಗ್ಗುವುದಿಲ್ಲ. ಗ್ರಂಥಿ ತೆಗೆದದ್ದು ಒಂದೇ ದಿನದಲ್ಲಿ. ನೀರು ನಿಲ್ಲುವುದಾದರೆ ಆ ವಾರವೇ ನಿಲ್ಲಬೇಕಿತ್ತು. ಶಸ್ತ್ರಚಿಕಿತ್ಸೆಯ ಹೊಸತರಲ್ಲಿ ಬಂದ ಸಣ್ಣ ಊತ ಇಳಿದೂ ಹೋಗಿತ್ತು. ನಿಜವಾದ ಬಾವು ತಿಂಗಳುಗಳು ಕಳೆದು, ಹೆಚ್ಚಿನವರಲ್ಲಿ ಮೊದಲ ಎರಡು ವರ್ಷಗಳೊಳಗೆ, ಸದ್ದಿಲ್ಲದೆ ಬರುತ್ತದೆ. ಇನ್ನೂ ದೊಡ್ಡ ತೊಡಕು ಬೇರೆ ಇದೆ. 2013ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ ಕಂಕುಳನ್ನು ಪೂರ್ತಿ ತೆರವು ಮಾಡಿಸಿಕೊಂಡವರಲ್ಲಿ ಸುಮಾರು ಶೇ. 20 ಮಂದಿಗೆ ಮಾತ್ರ ತೋಳು ಊದುತ್ತದೆ. ಮೊದಲ ಕಾವಲಿನ ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸಿದವರಲ್ಲಿ ಅದು ಶೇ. 6ರ ಆಸುಪಾಸು. ಒಂದೇ ಟೇಬಲ್ಲಿನ ಮೇಲೆ, ಒಂದೇ ಸರ್ಜನ್ ಕೈಯಲ್ಲಿ, ಒಂದೇ ನಾಲೆ ಕಡಿಸಿಕೊಂಡ ಐವರಲ್ಲಿ ನಾಲ್ವರ ಕೈ ಏನೂ ಆಗದೆ ಉಳಿಯುತ್ತದೆ. ನಾಲೆಯ ಕತೆ ಐದನೆಯವಳದ್ದನ್ನು ಹೇಳುತ್ತದೆ, ಆ ನಾಲ್ವರದ್ದನ್ನು ಹೇಳುವುದಿಲ್ಲ.

ಈ ಅನುಮಾನ ಹೊಸದಲ್ಲ. ಸ್ತನವನ್ನೂ ಅದರಡಿಯ ಸ್ನಾಯುವನ್ನೂ ಕಂಕುಳನ್ನೂ ಒಟ್ಟಿಗೆ ತೆಗೆಯುವ ಶಸ್ತ್ರಚಿಕಿತ್ಸೆಗೆ ಹೆಸರಾದ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ 1921ರಲ್ಲಿ ಈ ಬಾವಿಗೆ 'ಶಸ್ತ್ರಚಿಕಿತ್ಸೆಯ ಆನೆಕಾಲು' ಎಂಬರ್ಥದ ಹೆಸರಿಟ್ಟು, ಬರೀ ಅಡಚಣೆ ಸಾಲದು, ಸೋಂಕಿನ ಕೈವಾಡವಿದೆ ಎಂದು ಬರೆದರು. ನಮ್ಮ ಕಡೆ ಕಾಲು ಊದಿದರೆ ಆನೆಕಾಲು ಅನ್ನುತ್ತಾರೆ, ಕೈಗೆ ಹೆಸರೇ ಇಲ್ಲ. ಜಗಳೂರಿನಲ್ಲಿ ಗರ್ಭಕೊರಳಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಹೆಂಗಸಿನ ಕಾಲು ಊದಿದರೆ ಅದಕ್ಕೂ ಸೊಳ್ಳೆಯನ್ನೇ ದೂರುತ್ತಾರೆ.

ಹಾಲ್‌ಸ್ಟೆಡ್‌ನ ಅನುಮಾನಕ್ಕೆ ಅಣುಮಟ್ಟದ ಉತ್ತರ ಸಿಕ್ಕಿದ್ದು ಇಲಿಯ ಬಾಲದಲ್ಲಿ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದಲ್ಲಿ ಬಾಬಕ್ ಮೆಹ್ರಾರಾ ತಂಡದವರು ಇಲಿಯ ಬಾಲದ ಬುಡದಲ್ಲಿ ಚರ್ಮವನ್ನು ಬಳೆಯಷ್ಟಗಲ ಸುತ್ತಲೂ ತೆಗೆದು ದುಗ್ಧನಾಳಗಳನ್ನು ಕಡಿದರು. ಬಾಲ ಊದಿತು, ಬಿಗಿಯಿತು. ಸಿಡಿ4 ಎಂಬ ಬಿಳಿಕಣಗಳಿಲ್ಲದ ಇಲಿಗಳಿಗೆ ಅದೇ ಗಾಯ ಮಾಡಿದಾಗ ಬಾವು ಬಹಳ ಕಡಿಮೆ, ನಾರು ಇನ್ನೂ ಕಡಿಮೆ. ಕಡಿದ ನಾಳ ಎರಡರಲ್ಲೂ ಅಷ್ಟೇ. ಬಾವು ತಂದದ್ದು ಕಡಿತವಲ್ಲ, ಕಡಿತಕ್ಕೆ ದೇಹ ಕೊಟ್ಟ ಉತ್ತರ. ಈ ಬರಹದಲ್ಲಿ ನಾನು ಹೇಳಬೇಕಿರುವುದು ಇದೊಂದೇ, ಉಳಿದದ್ದೆಲ್ಲ ಇದರ ಬೇರುಗಳು.

ಸಿಡಿ4 ಕಣಗಳಿಗೆ ಹಲವು ಅವತಾರಗಳಿವೆ. ರಸ ನಿಂತ ಜಾಗದಲ್ಲಿ ಅವು ಟಿಎಚ್2 ಎಂಬ ಬಗೆಗೆ ತಿರುಗುತ್ತವೆ. ಹೊಟ್ಟೆಹುಳಗಳ ವಿರುದ್ಧ ಏಳುವ ಸೇನೆ ಅದು, ಅಲರ್ಜಿಯಲ್ಲಿ ಕಾಟ ಕೊಡುವುದೂ ಅದೇ. ಇಲ್ಲಿ ಹುಳವೂ ಇಲ್ಲ, ಧೂಳೂ ಇಲ್ಲ, ಸೇನೆ ಮಾತ್ರ ಬೀಡುಬಿಟ್ಟಿದೆ. ಅದು ಇಂಟರ್‌ಲ್ಯುಕಿನ್-4, ಇಂಟರ್‌ಲ್ಯುಕಿನ್-13 ಎಂಬ ಸಂದೇಶಗಳನ್ನು ಬಿಡುತ್ತದೆ. ಹೊಸ ದುಗ್ಧನಾಳ ಬೆಳೆದು ಅಡಚಣೆಯನ್ನು ಬಳಸಿಕೊಂಡು ಹೋಗುವುದನ್ನು ಇವು ತಡೆಯುತ್ತವೆ, ಜೊತೆಗೆ ನಾರಿನ ಕೆಲಸಕ್ಕೆ ಚಾಲನೆ ಕೊಡುತ್ತವೆ. ಮೆಹ್ರಾರಾ ತಂಡ 2013ರಲ್ಲಿ ಈ ಟಿಎಚ್2 ತಿರುವನ್ನೇ ತಡೆದು ನೋಡಿತು. ಇಲಿಗಳಲ್ಲಿ ನಾರೂ ಇಳಿಯಿತು, ನಾಳಗಳ ಕೆಲಸವೂ ಸುಧಾರಿಸಿತು.

ನಾರು ನೇಯುವ ಮೇಸ್ತ್ರಿ ಟಿಜಿಎಫ್-ಬೀಟಾ. ಈ ಹೆಸರು ಬಂದಾಗ ಚನ್ನಗಿರಿಯವರು ಸ್ವಲ್ಪ ನಿಂತು ಕೇಳಬೇಕು. ಎಲ್ಲ ಗಾಯಗಳನ್ನೂ ಮಾಯಿಸುವ ಅಣು ಇದು. ಕೊಲ್ಯಾಜನ್ ನೂಲುವ ಕೋಶಗಳನ್ನು ಕರೆದು ಕೆಲಸಕ್ಕೆ ಹಚ್ಚುತ್ತದೆ. ಗಾಯ ಮಾಯ್ದ ಮೇಲೆ ಸುಮ್ಮನಾಗಬೇಕು, ಕೆಲವು ಸಲ ಆಗುವುದಿಲ್ಲ. ವಿಕಿರಣ ಇದನ್ನು ಇನ್ನಷ್ಟು ಕೆರಳಿಸುತ್ತದೆ. ಕಂಕುಳಿಗೂ ವಿಕಿರಣ ಕೊಟ್ಟವರಲ್ಲಿ ಬಾವು ಹೆಚ್ಚು ಎನ್ನುವುದರ ಒಂದು ಕಾರಣ ಇಲ್ಲಿದೆ. ಇದೇ ಅಣು ಅಡಿಕೆ ಜಗಿಯುವವರ ಕೆನ್ನೆಯೊಳಗೂ ಕೆಲಸ ಮಾಡುತ್ತದೆ. ಬಾಯಿ ಬರಬರುತ್ತಾ ಎರಡು ಬೆರಳು ಹೋಗದಷ್ಟು ಬಿಗಿದುಕೊಳ್ಳುವ, ಖಾರ ತಾಳಲಾಗದಂತಾಗುವ ರೋಗವನ್ನು ನಮ್ಮಲ್ಲಿ ಎಲ್ಲರೂ ನೋಡಿದ್ದೇವೆ. 1953ರಲ್ಲಿ ಜೋಶಿ ಎಂಬ ಭಾರತೀಯ ವೈದ್ಯರು ಅದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಹೆಸರಿಟ್ಟರು. ಅಡಿಕೆಯ ಅರೆಕೊಲಿನ್ ಟಿಜಿಎಫ್-ಬೀಟಾವನ್ನು ಎಬ್ಬಿಸುತ್ತದೆ. ಅಡಿಕೆಯಲ್ಲಿರುವ ತಾಮ್ರ, ಕೊಲ್ಯಾಜನ್ ಎಳೆಗಳನ್ನು ಒಂದಕ್ಕೊಂದು ಹೊಲಿಯುವ ಲೈಸಿಲ್ ಆಕ್ಸಿಡೇಸ್ ಕಿಣ್ವಕ್ಕೆ ಬಲ ಕೊಡುತ್ತದೆ. ಹಾಗೆ ಹೊಲಿದ ನಾರು ಸುಲಭಕ್ಕೆ ಬಿಚ್ಚುವುದಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ತಂಬಾಕಿಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ರಾಶಿ ಅಡಿಕೆಯ ಧಾರಣೆಯಿಂದ ಮದುವೆ, ಮನೆ, ಮಕ್ಕಳ ಕಾಲೇಜು ಎಲ್ಲ ನಡೆಯುವ ತಾಲ್ಲೂಕಿನಲ್ಲಿ ಕೂತು ಇದನ್ನು ಬರೆಯುವುದು ಹಿತವಲ್ಲ. ನಮ್ಮ ಮನೆಯದ್ದೂ ಅದೇ ಆದಾಯ.

ಬಾಯಿ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದವರ ಕತ್ತಿನ ಗ್ರಂಥಿಗಳನ್ನೂ ತೆಗೆಯುತ್ತಾರೆ. ಆಮೇಲೆ ಗಲ್ಲದಡಿ ಜೋಲುಚೀಲದಂತೆ ಬಾವು ಬರುತ್ತದೆ, ಬೆಳಿಗ್ಗೆ ಏಳುವಾಗ ಮುಖ ದಪ್ಪಗಿರುತ್ತದೆ. ಒಳಗಡೆ ಗಂಟಲೂ ಊದಿದರೆ ಅನ್ನ ನುಂಗುವುದೇ ಕಷ್ಟ. ಅಮೆರಿಕದಲ್ಲಿ 81 ಮಂದಿ ತಲೆ-ಕತ್ತಿನ ಕ್ಯಾನ್ಸರ್ ರೋಗಿಗಳನ್ನು ಪರೀಕ್ಷಿಸಿದಾಗ ಮುಕ್ಕಾಲು ಪಾಲು ಜನರಲ್ಲಿ ಒಳಗೋ ಹೊರಗೋ ಇಂಥ ಬಾವು ಕಂಡಿತ್ತು. ಲಿಂಫೆಡಿಮಾ ಎಂದರೆ ಸ್ತನ ಕ್ಯಾನ್ಸರಿನ ತೋಳು ಎಂದೇ ಎಲ್ಲರೂ ಬರೆಯುತ್ತಾರೆ. ಅಡಿಕೆ ನಾಡಿನಲ್ಲಿ ಮುಖವೂ ಲೆಕ್ಕಕ್ಕೆ ಬರಬೇಕು.

ಇನ್ನು ಪಂಪು. ದುಗ್ಧರಸಕ್ಕೆ ಹೃದಯವಿಲ್ಲ, ದೊಡ್ಡ ದುಗ್ಧನಾಳಗಳು ತಾವೇ ನಿಮಿಷಕ್ಕೆ ಹಲವು ಸಲ ಹಿಂಡಿಕೊಂಡು, ಕವಾಟಗಳ ನಡುವೆ ರಸವನ್ನು ಮೇಲಕ್ಕೆ ದಾಟಿಸುತ್ತವೆ. ನಾಳದ ಒಳಪದರ ಒಂದು ಕ್ಷಣ ನೈಟ್ರಿಕ್ ಆಕ್ಸೈಡ್ ಬಿಟ್ಟು ಸ್ನಾಯುವನ್ನು ಸಡಿಲಿಸುತ್ತದೆ, ಮರುಕ್ಷಣ ನಿಲ್ಲಿಸುತ್ತದೆ. ಆ ಏರಿಳಿತವೇ ತಾಳ. ಬಾಸ್ಟನ್ನಿನ ವಿಜ್ಞಾನಿಗಳು 2011ರಲ್ಲಿ ತೋರಿಸಿದಂತೆ, ಉರಿಯೂತ ಇರುವಲ್ಲಿ ಸುತ್ತ ಸೇರಿದ ಬಿಳಿಕಣಗಳು ಅದೇ ಅನಿಲವನ್ನು ಎಡೆಬಿಡದೆ ಉಗುಳುತ್ತವೆ. ಹತ್ತು ಕಡೆಯಿಂದ ಡೊಳ್ಳು ಬಡಿದರೆ ಕುಣಿಯುವವನ ತಾಳ ತಪ್ಪುವ ಹಾಗೆ ನಾಳ ಹಿಂಡುವುದನ್ನೇ ಮರೆಯುತ್ತದೆ. ಆಮೇಲೆ ಅದರ ಸ್ನಾಯು ದಪ್ಪಗಾಗಿ, ಗೋಡೆ ಗಡುಸಾಗಿ, ನಡುವಿನ ದಾರಿ ಸೂಜಿಯಷ್ಟಾಗುತ್ತದೆ.

ಹೊಸ ನಾಳ ಬೆಳೆಸಿಬಿಟ್ಟರೆ? ಎಲ್ಲರಿಗೂ ಮೊದಲು ಹೊಳೆದದ್ದು ಇದೇ. 1996ರಲ್ಲಿ ಹೆಲ್ಸಿಂಕಿಯ ಕಾರಿ ಅಲಿಟಾಲೋ ಪ್ರಯೋಗಾಲಯ ವಿಇಜಿಎಫ್-ಸಿ ಎಂಬ ಬೆಳವಣಿಗೆಯ ಅಣುವನ್ನು ಕಂಡುಹಿಡಿಯಿತು. ದುಗ್ಧನಾಳಗಳಿಗೆ ಅದು ಗೊಬ್ಬರ. ಅದನ್ನು ಹಿಡಿದುಕೊಳ್ಳುವ ಗ್ರಾಹಕದ ಜೀನ್ ಕೆಟ್ಟರೆ ಮಗು ಹುಟ್ಟುತ್ತಲೇ ಕಾಲು ಊದಿಕೊಂಡಿರುತ್ತದೆ. ಹಾಗಾದರೆ ಶಸ್ತ್ರಚಿಕಿತ್ಸೆಯಾದ ಜಾಗಕ್ಕೆ ಈ ಗೊಬ್ಬರ ಹಾಕಿದರಾಯಿತು. ಫಿನ್ಲೆಂಡಿನವರು ವಿಇಜಿಎಫ್-ಸಿ ಜೀನನ್ನು ವೈರಸ್ಸಿನಲ್ಲಿಟ್ಟು ಮಹಿಳೆಯರಿಗೆ ಕೊಟ್ಟೂ ನೋಡಿದರು. 2021ರಲ್ಲಿ ಬಂದ ಫಲಿತಾಂಶದಲ್ಲಿ ಅದು ಬರೀ ನೀರಿನ ಚುಚ್ಚುಮದ್ದಿಗಿಂತ ಮೇಲೆನಿಸಲಿಲ್ಲ. ಜ್ಯೂರಿಕ್‌ನವರು ಇಲಿಗಳಲ್ಲಿ ಅದರ ಉಲ್ಟಾ ಕಂಡರು, ಗೊಬ್ಬರ ಹೆಚ್ಚಾದಾಗ ನಾಳಗಳು ಸೋರಿ ಬಾವು ಏರಿತು. ಇದೇ ಅಣು ಕ್ಯಾನ್ಸರ್ ಕೋಶಗಳು ಹರಡುವುದಕ್ಕೂ ದಾರಿ ಮಾಡಿಕೊಡುತ್ತದೆ ಎಂಬ ಭಯ ಬೇರೆ. ಗದ್ದೆಯಲ್ಲಿ ನೀರು ನಿಂತು ಬೇರು ಕೊಳೆಯುತ್ತಿರುವಾಗ ಯೂರಿಯಾ ಚೆಲ್ಲಿದ ಹಾಗೆ ಇದು ಎಂದು ನನಗನ್ನಿಸುತ್ತದೆ. ಉರಿಯೂತ ಇಳಿಯದೆ ನಾಳ ಚಿಗುರುವುದಿಲ್ಲ.

ಸ್ಟ್ಯಾನ್‌ಫರ್ಡ್‌ನ ಸ್ಟ್ಯಾನ್ಲಿ ರಾಕ್ಸನ್ ತಂಡ ಉರಿಯೂತದ ಇನ್ನೊಂದು ಎಳೆ ಹಿಡಿಯಿತು. ಲ್ಯುಕೋಟ್ರೈನ್ ಬಿ4 ಎಂಬ ಕೊಬ್ಬಿನ ಅಣು ಮೊದಲಿಗೆ ಅಲ್ಪ ಪ್ರಮಾಣದಲ್ಲಿ ನಾಳ ಬೆಳೆಸುತ್ತದೆ, ದಿನ ಕಳೆದು ಹೆಚ್ಚಾದಾಗ ಅದೇ ನಾಳಗಳನ್ನು ಕೊಲ್ಲುತ್ತದೆ ಎಂದು 2017ರಲ್ಲಿ ಹೇಳಿತು. ಅದನ್ನು ತಗ್ಗಿಸುವ ಹಳೆಯ ನೋವಿನ ಮಾತ್ರೆ ಕೀಟೋಪ್ರೊಫೆನ್ ಕೊಟ್ಟಾಗ ರೋಗಿಗಳ ಚರ್ಮ ತೆಳುವಾಯಿತು, ಮೆತ್ತಗಾಯಿತು. ತೋಳಿನ ಗಾತ್ರ ಅಷ್ಟೇನೂ ಇಳಿಯಲಿಲ್ಲ. ಅದೇ ಎಳೆಯ ಇನ್ನೊಂದು ಔಷಧ ಯೂಬೆನಿಮೆಕ್ಸ್ ಊದಿದ ಕಾಲುಗಳ ಮೇಲೆ ಸೋತಿತು. ಇಂಟರ್‌ಲ್ಯುಕಿನ್-4, 13 ಎರಡನ್ನೂ ತಡೆಯುವ ಪ್ರತಿಕಾಯವನ್ನು ಕೆಲವೇ ಮಹಿಳೆಯರ ಮೇಲೆ ಪ್ರಯೋಗಿಸಿದಾಗಲೂ ಇದೇ ಕತೆ, ಚರ್ಮದ ಬಿಗಿತ ಇಳಿಯಿತು, ಗಾತ್ರ ಇಳಿಯಲಿಲ್ಲ. ಇವೆಲ್ಲ ಸೋಲುಗಳೆಂದು ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಾರು ಕಡಿಮೆಯಾಗಬಲ್ಲದು ಎಂದು ಮನುಷ್ಯರಲ್ಲೇ ತೋರಿಸಿದ್ದು ಸಣ್ಣದಲ್ಲ. ಗಾತ್ರ ಇಳಿಯದಿರುವುದಕ್ಕೆ ಬೇರೊಬ್ಬ ಅಪರಾಧಿ ಇದ್ದಾನೆ. ರಸ ನಿಂತಲ್ಲಿ ಕೊಬ್ಬಿನ ಕೋಶಗಳು ಹುಲುಸಾಗಿ ಬೆಳೆಯುತ್ತವೆ, ಉರಿಯೂತ ಆರಿದರೂ ಕೂತ ಕೊಬ್ಬು ಏಳುವುದಿಲ್ಲ. ಸ್ವೀಡನ್ನಿನ ಮಾಲ್ಮೋದಲ್ಲಿ ಹೋಕನ್ ಬ್ರೋರ್ಸನ್ ಅಂಥ ಹಳೆಯ ತೋಳುಗಳಿಂದ ಕೊಬ್ಬನ್ನು ಹೀರಿ ತೆಗೆಯುವ ಶಸ್ತ್ರಚಿಕಿತ್ಸೆಯನ್ನೇ ಬೆಳೆಸಿದರು. ಆಮೇಲೆ ಬಿಗಿ ತೋಳುಚೀಲ ಜೀವಮಾನವಿಡೀ ತೊಡಬೇಕು. ಕೀಟೋಪ್ರೊಫೆನ್ ಹೆಸರು ಓದಿ ಯಾರೂ ಮೆಡಿಕಲ್ ಶಾಪಿಗೆ ಓಡಬಾರದು. ದಿನವೂ ನುಂಗಿದರೆ ಹೊಟ್ಟೆ, ಮೂತ್ರಪಿಂಡ, ಹೃದಯ ಮೂರಕ್ಕೂ ಕೇಡು. ಈ ರೋಗಕ್ಕೆಂದೇ ಒಪ್ಪಿಗೆ ಪಡೆದ ಮಾತ್ರೆ ಇನ್ನೂ ಬಂದಿಲ್ಲ.

ಹಾಗಾದರೆ ಐವರಲ್ಲಿ ಆ ಒಬ್ಬಳು ಯಾರು? ಕೋಶದಿಂದ ಕೋಶಕ್ಕೆ ಸಂದೇಶ ದಾಟಿಸುವ ಕನೆಕ್ಸಿನ್-47ರ ಜೀನ್‌ನಲ್ಲಿ ಕೆಲವು ರೋಗಿಗಳಿಗೆ ಹುಟ್ಟಿನಿಂದಲೇ ದೋಷವಿತ್ತು ಎಂದು 2012ರಲ್ಲಿ ಗೊತ್ತಾಯಿತು. ವಿಇಜಿಎಫ್-ಸಿ, ಫಾಕ್ಸ್‌ಸಿ2 ಮೊದಲಾದ ಜೀನ್‌ಗಳ ರೂಪಭೇದಗಳತ್ತಲೂ ಬೆರಳು ಹೋಗಿದೆ. ನನ್ನನ್ನು ಹೆಚ್ಚು ಹಿಡಿದದ್ದು ಲಂಡನ್ನಿನ ಪೀಟರ್ ಮಾರ್ಟಿಮರ್ ಮತ್ತು ಸಂಗಡಿಗರ ಕೆಲಸ. ಮುಂದೆ ಬಾವು ಬಂದ ಮಹಿಳೆಯರಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲೇ ತೋಳಿನ ಸ್ನಾಯುವಿನಿಂದ ದುಗ್ಧರಸ ಉಳಿದವರಿಗಿಂತ ಹೆಚ್ಚಾಗಿ ಹರಿಯುತ್ತಿತ್ತು. ದುರ್ಬಲ ನಾಳದವರೇ ಸೋಲುತ್ತಾರೆಂದು ನಾವೆಲ್ಲ ಅಂದುಕೊಂಡಿದ್ದೆವು. ಜಗಳೂರಿನವರಿಗೆ ಇದು ಥಟ್ಟನೆ ತಿಳಿಯುತ್ತದೆ. ಬೋರ್‌ವೆಲ್ಲಿನಲ್ಲಿ ಹಗಲೂ ರಾತ್ರಿ ಓಡುವ ಮೋಟಾರೇ ಮೊದಲು ಸುಡುವುದು. ತೂಕ ಹೆಚ್ಚಿದ್ದರೆ ಆ ಹೊರೆ ಇನ್ನೂ ಏರುತ್ತದೆ.

ಅಣುಗಳ ಈ ಕತೆ ನಮ್ಮ ಕಡೆಯ ನಾಲ್ಕು ತಾಲ್ಲೂಕುಗಳ ದಿನದ ಕೆಲಸಕ್ಕೆ ತಾಗುವ ಜಾಗ ಸೋಂಕು. ರಸ ನಿಂತ ತೋಳಿಗೆ ಒಂದು ಗೀರು ಸಾಕು, ಬ್ಯಾಕ್ಟೀರಿಯಾ ಹೊಕ್ಕರೆ ತೋಳು ಕೆಂಪಗೆ ಕಾದು, ಚಳಿಜ್ವರ ಬರುತ್ತದೆ. ಸೆಲ್ಯುಲೈಟಿಸ್ ಎನ್ನುವ ಈ ಜ್ವರ ಬಂದುಹೋದ ಪ್ರತಿ ಸಲವೂ ಉರಿಯೂತ ಹೊಸದಾಗಿ ಹೊತ್ತಿ, ಒಂದಿಷ್ಟು ನಾಳ ಸತ್ತು, ಒಂದಿಷ್ಟು ನಾರು ಹುಟ್ಟುತ್ತದೆ. ಚನ್ನಗಿರಿಯಲ್ಲಿ ಅಡಿಕೆ ಸುಲಿಯುವ ಕತ್ತಿ ಬೆರಳಿಗೆ ತಾಗದ ಸುಗ್ಗಿ ಇಲ್ಲ. ಹೊನ್ನಾಳಿಯಲ್ಲಿ ನಾಟಿ ಎಂದರೆ ದಿನವಿಡೀ ಕೈ ಕೆಸರಿನಲ್ಲಿ. ನ್ಯಾಮತಿಯಲ್ಲಿ ಮೆಕ್ಕೆಜೋಳದ ಗರಿ ಮೊಳಕೈವರೆಗೆ ಗೀರುತ್ತದೆ, ಜಗಳೂರಿನಲ್ಲಿ ಈರುಳ್ಳಿ ಕೊಯ್ಯುವ ಕುಡುಗೋಲು. ಇವರಿಗೆ ಆಸ್ಪತ್ರೆಯಲ್ಲಿ ಹೇಳಿ ಕಳಿಸುವುದು "ಆ ಕೈಗೆ ಬಿ.ಪಿ. ನೋಡಿಸಬೇಡಿ, ಸೂಜಿ ಚುಚ್ಚಿಸಬೇಡಿ, ಭಾರ ಎತ್ತಬೇಡಿ" ಎಂದು. ಬಾಸ್ಟನ್ನಿನಲ್ಲಿ 600ಕ್ಕೂ ಹೆಚ್ಚು ಮಹಿಳೆಯರನ್ನು ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಿ.ಪಿ. ಪಟ್ಟಿಗೂ ಸೂಜಿಗೂ ಬಾವಿಗೂ ನಂಟು ಸಿಗಲಿಲ್ಲ, ಸೆಲ್ಯುಲೈಟಿಸ್‌ಗೂ ತೂಕಕ್ಕೂ ಸಿಕ್ಕಿತು. ಭಾರದ ಮಾತೂ ಹಾಗೇ. 2009ರಲ್ಲಿ ಬಾವಿದ್ದ 141 ಮಹಿಳೆಯರ ಪೈಕಿ ಅರ್ಧದಷ್ಟು ಮಂದಿಗೆ ಹಂತಹಂತವಾಗಿ ಭಾರ ಎತ್ತಿಸಿದರು, ಬಾವು ಹೆಚ್ಚಲಿಲ್ಲ, ಉಲ್ಬಣಗೊಳ್ಳುವುದು ಕಡಿಮೆಯಾಯಿತು. ಸ್ನಾಯು ಆಡಿದರೆ ರಸ ಮೇಲೇರುತ್ತದೆ. ಕೂಲಿಯ ಹೆಂಗಸಿಗೆ ಭಾರ ಎತ್ತಬೇಡ ಎಂದರೆ ಕೂಲಿ ಬಿಡು ಎಂದ ಹಾಗೆ. ಅದಕ್ಕಿಂತ ಒಂದು ಜೊತೆ ರಬ್ಬರ್ ಗ್ಲೌಸ್ ಕೊಡಿಸಿ, ಗೀರಾದರೆ ತಕ್ಷಣ ಸೋಪು ಹಾಕಿ ತೊಳೆದುಕೋ, ಕೈ ಕೆಂಪಾದರೆ ಅವತ್ತೇ ಬಾ ಎಂದು ಹೇಳುವುದು ಮೇಲು.

ಸೋಪಿನ ಮಾತು ತಮಾಷೆಯಲ್ಲ. ಕಾಸರಗೋಡಿನ ಉಳಿಯತ್ತಡ್ಕದಲ್ಲಿ ಡಾ. ಎಸ್. ಆರ್. ನರಹರಿ 1999ರಲ್ಲಿ ಕಟ್ಟಿದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಚಿಕಿತ್ಸೆ ಶುರುವಾಗುವುದು ಅದರಿಂದಲೇ. ತೊಳೆದು, ಬೆರಳ ಸಂದಿಯನ್ನೂ ಒರೆಸಿ, ಕಷಾಯದಲ್ಲಿ ನೆನೆಸಿ, ಉಸಿರಾಟ ಮತ್ತು ಯೋಗ ಮಾಡಿಸಿ, ನೀವಿ, ಕೊನೆಗೆ ಬ್ಯಾಂಡೇಜು ಸುತ್ತುತ್ತಾರೆ. ಆಕ್ಸ್‌ಫರ್ಡಿನ ಟೆರೆನ್ಸ್ ರಯಾನ್ ನರಹರಿಯವರಿಗೆ ಜೊತೆಯಾಗಿದ್ದರು. ಸೊಳ್ಳೆಯಿಂದ ಬರುವ ಆನೆಕಾಲಿಗೆಂದು ಬೆಳೆಸಿದ ಈ ಕ್ರಮವನ್ನು ನಮ್ಮ ಕಲಬುರಗಿ ಮತ್ತು ಕೇರಳದ ಆಲಪ್ಪುಳ ಜಿಲ್ಲೆಗಳ ಹಳ್ಳಿಗಳಲ್ಲಿ, ರೋಗಿಗಳೇ ಮನೆಯಲ್ಲಿ ಮಾಡಿಕೊಳ್ಳುವಂತೆ ಕಲಿಸಿ ನೋಡಿದರು. ಊತವೂ ಇಳಿಯಿತು, ಜ್ವರದ ಸರದಿಯೂ ಇಳಿಯಿತು. ಕಷಾಯದ ಪಾಲೆಷ್ಟು, ಸೋಪಿನ ಪಾಲೆಷ್ಟು, ಬ್ಯಾಂಡೇಜಿನ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ ಉರಿಯೂತಕ್ಕೆ ಸೌದೆ ಹಾಕುವುದನ್ನು ನಿಲ್ಲಿಸಿದರೆ ನಾರು ನಿಧಾನವಾಗುತ್ತದೆ ಎಂಬ ಅಣುವಿಜ್ಞಾನಕ್ಕೂ ಈ ಬಚ್ಚಲುಮನೆಯ ಕೆಲಸಕ್ಕೂ ವಿರೋಧವಿಲ್ಲ.

ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಶುರುವಾದಾಗಿನಿಂದ ನಮ್ಮ ಕಡೆಯವರು ರಾತ್ರಿ ಬಸ್ಸು ಹಿಡಿದು ಹೋಗಿ ಬಂದಿದ್ದಾರೆ, ಈಗ ದಾವಣಗೆರೆ, ಶಿವಮೊಗ್ಗದಲ್ಲೂ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಆಗುತ್ತದೆ. ಹೆಚ್ಚಿನವರು ಗಂಟು ದೊಡ್ಡದಾದ ಮೇಲೆ ಹೋಗುವುದರಿಂದ ಕಂಕುಳು ಪೂರ್ತಿ ತೆರವಾಗುತ್ತದೆ, ವಿಕಿರಣವೂ ಬೀಳುತ್ತದೆ. ಬಾವಿಗೆ ಬೇಕಾದ ಎರಡೂ ಕಾರಣಗಳು ಹೀಗೆ ಒಟ್ಟಿಗೆ ಬರುತ್ತವೆ. ಶುರುವಿನ ಬಾವು ಕೈ ಎತ್ತಿಟ್ಟರೆ ಇಳಿಯುವಂಥದ್ದು. ಆಗಲೇ ತೋಳುಚೀಲ ಹಾಕಿದರೆ ಟಿಎಚ್2 ಸೇನೆ ಬೀಡುಬಿಡುವ ಮೊದಲೇ ಜಾಗ ಖಾಲಿಯಾಗುತ್ತದೆ. ಶುರುವನ್ನು ಹಿಡಿಯಲು ಬೇಕಾದದ್ದು ಟೈಲರ್ ಅಂಗಡಿಯ ಟೇಪು, ಮತ್ತು ಶಸ್ತ್ರಚಿಕಿತ್ಸೆಗೆ ಮೊದಲು ಎರಡೂ ತೋಳುಗಳ ಅಳತೆ. ಬಲಗೈ ಬಳಸುವವರ ಬಲಗೈ ಹುಟ್ಟಾ ಸ್ವಲ್ಪ ದಪ್ಪಗಿರುವುದರಿಂದ ಮೊದಲಿನ ಅಳತೆ ಇಲ್ಲದೆ ನಂತರದ್ದಕ್ಕೆ ಅರ್ಥವಿಲ್ಲ.

ಅತ್ತೆಯ ಫೈಲನ್ನು ಕಳೆದ ವಾರ ಬಿಚ್ಚಿ ಕೂತೆ. ಗಂಟಿನ ಅಳತೆ ಮಿಲಿಮೀಟರ್‌ನಲ್ಲಿದೆ. ತೆಗೆದ ಗ್ರಂಥಿಗಳ ಎಣಿಕೆಯಿದೆ, ವಿಕಿರಣದ ದಿನಗಳ ಪಟ್ಟಿಯಿದೆ, ಎತ್ತರ, ತೂಕ, ಕಟ್ಟಿದ ಹಣದ ರಸೀದಿಗಳಿವೆ. ತೋಳಿನ ಅಳತೆ ಎಲ್ಲೂ ಇಲ್ಲ. "ಅದೇನು ಹುಡುಕ್ತಾ ಇದ್ದೀಯೋ?" ಎಂದು ಅತ್ತೆ ಒಳಗಿನಿಂದ ಕೇಳಿದರು. ಹಳೇ ಬಳೆ ಎಲ್ಲಿಟ್ಟಿದ್ದೀರಿ, ಕೊಡಿ ಅಂದೆ.